ಮರ ಹತ್ತಿದ ಮೇಕೆಯ ರೇಟು

ಫೋಟೋ ಟೂರಿಗೆ ಮಾಮೂಲಿ ಟೂರಿನ ಯಾವ ನಿಯಮವೂ ಇಲ್ಲ. ಮಾಮೂಲಿ ಟೂರಿನವರು ಹೊಟ್ಟೆ ತುಂಬ ತಿಂಡಿ ತಿಂದು, ಆರಾಮಾಗಿ ಬಸ್ಸು ಹತ್ತುತ್ತಾರೆ. ನಾವು ಹೋಟೆಲಿನ ಅಡುಗೆಯವರು ಏಳುವ ಮೊದಲೇ ರಸ್ತೆಯಲ್ಲಿ. ಮಧ್ಯಾಹ್ನ ಎಲ್ಲರೂ ಊರು ನೋಡುವಾಗ ನಮ್ಮ ಲೀಡರ್ "ಲೈಟು ಸರಿಯಿಲ್ಲ" ಅಂತ ರೂಮಿಗೆ ಅಟ್ಟುತ್ತಾರೆ. ರಾತ್ರಿ ಊಟದ ಹೊತ್ತಿಗೆ ಸರಿಯಾಗಿ ಆಕಾಶ ಕಡುನೀಲಿಯಾಗುತ್ತದೆ. ಮತ್ತೆ ಟ್ರೈಪಾಡ್ ಹೊತ್ತು ಓಡಬೇಕು. ಮೊರಾಕೊಗೆ ದುಡ್ಡು ಕೊಟ್ಟು ಹೋಗಿ ಉಪವಾಸ ಮಾಡಿ ಬಂದಿರಿ ಅಂತ ಮನೆಯಲ್ಲಿ ಈಗಲೂ ಹೇಳುತ್ತಾರೆ.

ನಮ್ಮ ತಂಡದಲ್ಲಿ ಎಲ್ಲ ತರದವರೂ ಇದ್ದರು. ದಾವಣಗೆರೆಯ ಡಾಕ್ಟರು, ಅವರ ಹೆಗಲ ಮೇಲೆ ಒಂದು ಕಾರಿನ ಬೆಲೆಯ ಲೆನ್ಸು. ಮೈಸೂರಿನ ನಿವೃತ್ತ ಬ್ಯಾಂಕ್ ಮ್ಯಾನೇಜರ್, ದಿನದ ಖರ್ಚನ್ನು ಪಾಕೆಟ್ ಡೈರಿಯಲ್ಲಿ ಬರೆಯುವವರು. ಹುಬ್ಬಳ್ಳಿಯ ಟೀಚರಮ್ಮ, ಬ್ಯಾಗಿನಲ್ಲಿ ಕ್ಯಾಮೆರಾಗಿಂತ ಶೇಂಗಾ ಹಿಂಡಿಯೇ ಜಾಸ್ತಿ. ಅಲ್ಲಿನ ತರಕಾರಿ ಕುಸ್ಕುಸ್‌ಗೂ (ರವೆಯ ಊಟ) ಸಾಮಾನ್ಯವಾಗಿ ಮಾಂಸದ ಸಾರನ್ನೇ ಸುರಿಯುತ್ತಾರೆ ಅಂತ ತಿಳಿದ ಮೇಲೆ ನಮ್ಮಲ್ಲಿ ಅರ್ಧ ಜನ ಬ್ರೆಡ್ಡಿಗೆ ಆ ಹಿಂಡಿ ಹಚ್ಚಿಕೊಂಡೇ ದೇಶ ದಾಟಿದರು. ಇನ್ನೊಬ್ಬ ಬೆಂಗಳೂರಿನ ಹುಡುಗ. ಸಾಲ ಮಾಡಿ ಡ್ರೋನ್ ಕೊಂಡಿದ್ದ. ಪರ್ಮಿಷನ್ ಇಲ್ಲದೆ ಮೊರಾಕೊದೊಳಗೆ ಡ್ರೋನ್ ಬಿಡುವುದಿಲ್ಲ. ಕಸ್ಟಮ್ಸ್‌ನವರು ಮರ್ಯಾದೆಯಿಂದ ಅದನ್ನು ಇಸಿದುಕೊಂಡು ರಸೀದಿ ಕೊಟ್ಟರು. ಹುಡುಗ ಟೂರು ಪೂರ್ತಿ ಆ ರಸೀದಿಯನ್ನೇ ತೆಗೆದು ತೆಗೆದು ನೋಡುತ್ತಿದ್ದ. ಪಾಪ, ನಾವು ವಾಪಸ್ ಹೊರಡುವುದು ಬೇರೆ ಊರಿನ ಏರ್‌ಪೋರ್ಟಿನಿಂದ ಅಂತ ಅವನಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಮರಕೇಶ್‌ನ ಜಮಾ ಎಲ್ ಫ್ನಾ ಅನ್ನುವುದು ದೊಡ್ಡ ಬಯಲು. ಹಾವಾಡಿಗರು, ಕಥೆ ಹೇಳುವವರು, ಡೋಲು ಬಾರಿಸುವವರು, ಕೋತಿ ಕುಣಿಸುವವರು ಎಲ್ಲ ಅಲ್ಲೇ. ಇಲ್ಲಿನ ಈ ಸಂಸ್ಕೃತಿಯನ್ನು ಯುನೆಸ್ಕೋ 2001ರಲ್ಲೇ ಮನುಕುಲದ ಪರಂಪರೆ ಅಂತ ಸಾರಿತ್ತು. ಪರಂಪರೆಯ ಫೋಟೋ ತೆಗೆಯುವುದು ಸುಲಭ ಅಂತ ನಾವಂದುಕೊಂಡಿದ್ದೆವು. ಆದರೆ ಅಲ್ಲಿ ಫೋಟೋ ಒಂದು ಕಸುಬು, ಮತ್ತು ಕಸುಬುದಾರರು ನಾವಲ್ಲ, ಅವರು.

ಕೆಂಪು ಅಂಗಿ, ಗೊಂಡೆ ತೂಗುವ ಅಗಲ ಟೋಪಿ, ಎದೆಯ ಮೇಲೆ ಹಿತ್ತಾಳೆ ಬಟ್ಟಲು, ಕೈಯಲ್ಲಿ ಗಂಟೆ: ಇವರು ಅಲ್ಲಿನ ನೀರು ಮಾರುವವರು. ಈಗ ನೀರು ಕುಡಿಯುವವರು ಕಡಿಮೆ, ಫೋಟೋ ತೆಗೆಯುವವರು ಜಾಸ್ತಿ. ಡಾಕ್ಟರು ಜಾಣತನ ಮಾಡಿ ಮಹಡಿ ಮೇಲಿನ ಕೆಫೆ ಸೇರಿದರು. ಅಲ್ಲಿ ಕೂರಬೇಕಾದರೆ ಮೊದಲು ಏನಾದರೂ ಕೊಳ್ಳಬೇಕು. ಪುದೀನ ಚಹಾಕ್ಕೆ ದುಡ್ಡು ತೆತ್ತು, ಕಂಬದ ಮರೆಯಿಂದ ಆ ಉದ್ದ ಲೆನ್ಸನ್ನು ಹೊರಗೆ ಚಾಚಿದರು. ಕೆಳಗೆ ಜನಜಂಗುಳಿಯ ನಡುವೆ ಇದ್ದ ನೀರಿನವನು ಸೀದಾ ಲೆನ್ಸಿನೊಳಗೇ ನೋಡಿದ. ಟೋಪಿ ಸರಿಮಾಡಿಕೊಂಡ, ನಕ್ಕ, ಗಂಟೆ ಆಡಿಸಿದ. ಎರಡೇ ನಿಮಿಷಕ್ಕೆ ಮೆಟ್ಟಿಲ ಮೇಲೆ ಗಂಟೆ ಸದ್ದು ಕೇಳಿಸಿತು.

ಮ್ಯಾನೇಜರ್ ಸಾರ್ ಕಥೆ ಬೇರೆ. ಅವರು ಸುಮ್ನೆ ನಿಂತಿದ್ದರು, ಕೈಯಲ್ಲಿ ಕ್ಯಾಮೆರಾ ಕೂಡ ಇರಲಿಲ್ಲ. ಒಬ್ಬ ಬಂದು ಹೆಗಲ ಮೇಲೆ ಕೋತಿ ಕೂರಿಸಿದ. ಕೂರಿಸುವುದು ಫ್ರೀ. ಇಳಿಸುವುದಕ್ಕೆ ದುಡ್ಡು. ಚೌಕಾಸಿ ಮುಗಿಯುವವರೆಗೂ ಕೋತಿ ಅವರ ಕನ್ನಡಕದ ದಾರ ಅಗಿಯುತ್ತಿತ್ತು. ಡೈರಿಯಲ್ಲಿ ಆ ಖರ್ಚನ್ನು ಸಾರಿಗೆ ಅಂತ ಬರೆದಿದ್ದರು.

ಫೆಸ್ ಊರಿನ ಹಳೇ ಪೇಟೆಗೆ ಕಾರು ಬರುವುದಿಲ್ಲ, ಕತ್ತೆ ಬರುತ್ತದೆ. ನೀವು ಕಿಂಡಿಯ ಬಿಸಿಲಿಗೆ ಎಕ್ಸ್‌ಪೋಷರ್ ಹೊಂದಿಸುತ್ತ ನಿಂತಿರುವಾಗ ಹಿಂದಿನಿಂದ ಯಾರೋ ಕೂಗುತ್ತಾರೆ. ಗೋಡೆಗೆ ಅಂಟಿಕೊಂಡರೆ ಬಚಾವ್. ಇಲ್ಲದಿದ್ದರೆ ಗ್ಯಾಸ್ ಸಿಲಿಂಡರ್ ಹೊತ್ತ ಕತ್ತೆ ನಿಮ್ಮನ್ನೇ ಅಂಟಿಸಿ ಹೋಗುತ್ತದೆ. ಜೊತೆಗೆ ಅಂಗಡಿಯವರ ಕೂಗು: "ಇಂಡಿಯಾ! ಶಾರುಖ್ ಖಾನ್!" ಎತ್ತರದ ಮ್ಯಾನೇಜರ್ ಸಾರ್‌ಗೆ ಮಾತ್ರ "ಅಮಿತಾಭ್ ಬಚ್ಚನ್!" ಅವರು ಅಂಗಡಿಯೊಳಗೆ ಹೋದರು. ಅಮಿತಾಭ್ ಬಚ್ಚನ್‌ಗೆ ಹೇಳುವ ರೇಟನ್ನೇ ಅವರಿಗೂ ಹೇಳಿದರು.

ಅಲ್ಲಿಯ ಶುವಾರಾ ಚರ್ಮ ಹದ ಮಾಡುವ ಜಾಗವನ್ನು ಸುತ್ತಲಿನ ಚರ್ಮದಂಗಡಿಗಳ ಮಹಡಿಯಿಂದ ನೋಡಬೇಕು. ಬಾಗಿಲಲ್ಲೇ ಕೈಗೆ ಒಂದು ಪುದೀನ ಕಡ್ಡಿ ಕೊಡುತ್ತಾರೆ. ಎಂಥ ಉಪಚಾರ ಅಂದುಕೊಂಡು ಟೀಚರಮ್ಮ ಅದನ್ನು ಬಾಯಿಗೆ ಹಾಕಿಕೊಂಡರು. ಮೇಲೆ ಹೋದ ಮೇಲೆ ಗೊತ್ತಾಯಿತು, ಅದು ಮೂಗಿಗೆ. ಕೆಳಗಿನ ತೊಟ್ಟಿಗಳಲ್ಲಿ ಸುಣ್ಣದ ನೀರು, ಪಾರಿವಾಳದ ಹಿಕ್ಕೆ. ಹಿಕ್ಕೆಯಲ್ಲಿರುವ ಅಮೋನಿಯಾ ಚರ್ಮವನ್ನು ಮೆತ್ತಗೆ ಮಾಡುತ್ತದಂತೆ. ನಮ್ಮನ್ನೂ ಮೆತ್ತಗೆ ಮಾಡಿತು. ಒಂದು ಕೈಯಲ್ಲಿ ಪುದೀನ, ಒಂದು ಕೈಯಲ್ಲಿ ಕ್ಯಾಮೆರಾ, ಫೋಕಸ್ ತಿರುಗಿಸುವುದಕ್ಕೆ ಮೂರನೇ ಕೈ ಇಲ್ಲ. ಡಾಕ್ಟರು ಪುದೀನವನ್ನು ಮೂಗಿನ ಹೊಳ್ಳೆಗೇ ಸಿಕ್ಕಿಸಿಕೊಂಡು ಕೆಲಸ ಮುಗಿಸಿದರು. ಕೆಳಗೆ ಬಣ್ಣದ ನೀರಿನಲ್ಲಿ ತೊಡೆಮಟ್ಟ ಇಳಿದು ತುಳಿಯುತ್ತಿದ್ದವರು ದಿನವಿಡೀ ಅಲ್ಲೇ ಇರುವವರು. ಅವರಿಗೆ ಯಾರೂ ಪುದೀನ ಕೊಟ್ಟಿರಲಿಲ್ಲ.

ಶೆಫ್ಶಾವೆನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಊರೆಲ್ಲ ನೀಲಿ. ಎಲ್ಲರೂ ಫೋಟೋ ತೆಗೆಯುವ ಒಂದೇ ಮೆಟ್ಟಿಲ ಮುಂದೆ, ಮದುವೆ ಮನೆಯಲ್ಲಿ ಉಣ್ಣುವವರ ಕುರ್ಚಿ ಹಿಡಿದು ಹಿಂದೆ ನಿಲ್ಲುವ ಹಾಗೆ ನಿಂತೆವು. ಮೆಟ್ಟಿಲ ಮೇಲೆ ಮಲಗಿದ್ದ ಬೆಕ್ಕು ನಮ್ಮ ಸರದಿ ಬಂದಾಗ ಎದ್ದು ಹೋಯಿತು.

ಸಹಾರಾ ಅಂಚಿನ ಮರ್ಜೂಗಾದ ಮರಳುಗುಡ್ಡಗಳು ಸುಮಾರು 150 ಮೀಟರ್‌ವರೆಗೂ ಎತ್ತರ. ಅಲ್ಲಿ ಲೀಡರ್ ಹಾಕಿದ ಕಟ್ಟಪ್ಪಣೆ ಒಂದೇ: ಗುಡ್ಡದ ನೆತ್ತಿಯ ಏಣಿನ ಮೇಲೆ ಯಾರೂ ಹೆಜ್ಜೆ ಇಡಬಾರದು, ಗುರುತು ಬಿದ್ದರೆ ಫ್ರೇಮು ಕೆಡುತ್ತದೆ. ಕತ್ತಲಲ್ಲಿ ಪಕ್ಕದಿಂದ, ಒಂದು ಹೆಜ್ಜೆ ಮೇಲೆ ಎರಡು ಹೆಜ್ಜೆ ಕೆಳಗೆ ಜಾರುತ್ತ ಹತ್ತಿ, ಉಸಿರು ಬಿಗಿಹಿಡಿದು ಕಾದೆವು. ಸೂರ್ಯ ಹುಟ್ಟಿದ. ಅದೇ ಗಳಿಗೆಗೆ ಬೇರೆ ಯಾವುದೋ ದೇಶದ ಕುಟುಂಬವೊಂದು ಕೇಕೆ ಹಾಕುತ್ತ ಏಣಿನುದ್ದಕ್ಕೂ ಓಡಿ, ಹಲಗೆ ಮೇಲೆ ಕೂತು ಜಾರಿತು. ಅವರ ಸಂತೋಷ ನೋಡಿ ನಮಗೆ ಬಂದಷ್ಟು ಸಿಟ್ಟು ಇನ್ಯಾರ ದುಃಖ ನೋಡಿದರೂ ಬಂದಿರಲಿಕ್ಕಿಲ್ಲ.

ಒಂಟೆಯವನೇ ನಮ್ಮನ್ನು ಸಮಾಧಾನ ಮಾಡಿದ. ಪಕ್ಕದ ಗುಡ್ಡ ತೋರಿಸಿ, "ಹತ್ತು ನಿಮಿಷ ತಡೆಯಿರಿ, ಅಲ್ಲಿ ನೆರಳು ಚೆನ್ನಾಗಿ ಬೀಳುತ್ತೆ. ಇವರನ್ನು ಈ ಕಡೆ ಕೂರಿಸಿ" ಅಂತ ಗೈಡ್ ಕೈಲಿ ಹೇಳಿಸಿದ. ಲೀಡರ್ ಮುಖ ಗಂಟಿಕ್ಕಿದರೂ ಹೋಗಿ ಕೂತರು. ಅವನು ಒಂಟೆಗಳನ್ನು ಸರಿಯಾದ ಅಂತರದಲ್ಲಿ ನಡೆಸಿಕೊಂಡು ಹೋದ, ತಿರುಗಿ ನೋಡಿದ, ಇನ್ನೊಮ್ಮೆ ಬೇಕಾ ಅಂತ ಕೈಸನ್ನೆ ಮಾಡಿದ. ನಮ್ಮೆಲ್ಲರ ಹತ್ತಿರ ಈಗ ಇರುವ ಒಳ್ಳೆ ಫೋಟೋ ಅದೊಂದೇ. ಎಲ್ಲರ ಹತ್ತಿರವೂ ಅದೇ ಇದೆ ಅನ್ನುವುದು ಬೇರೆ ಮಾತು.

ಎಸ್ಸವಿರಾಗೆ ಹೋಗುವ ದಾರಿಯಲ್ಲಿ ಆರ್ಗನ್ ಮರಗಳು. ಹಣ್ಣಿನ ಆಸೆಗೆ ಅಲ್ಲಿನ ಮೇಕೆಗಳು ನಿಜವಾಗಿಯೂ ಮರ ಹತ್ತುತ್ತವೆ. ಆದರೆ ರಸ್ತೆ ಪಕ್ಕದ ಮರದಲ್ಲಿ, ಬಸ್ಸು ಬರುವ ಹೊತ್ತಿಗೆ, ಕೊಂಬೆಗೊಂದರಂತೆ ಮುಖ ನಮ್ಮ ಕಡೆ ಮಾಡಿ ನಿಂತಿವೆ ಅಂದರೆ ಯಾರೋ ನಿಲ್ಲಿಸಿದ್ದಾರೆ ಅಂತಲೇ ಅರ್ಥ. ಯಜಮಾನ ಕೆಳಗೆ ಕಾಯುತ್ತಿದ್ದ. ತಲೆಗೆ 20 ದಿರ್ಹಮ್ (ಅಲ್ಲಿನ ದುಡ್ಡು) ಅಂದ.

ಮ್ಯಾನೇಜರ್ ಸಾರ್ ಮುಂದೆ ಹೋದರು. ಇಷ್ಟು ಜನ ಇದ್ದೇವೆ, ಗ್ರೂಪ್ ರೇಟು ಹಾಕು, ಅರ್ಧಕ್ಕೆ ಮಾಡು ಅಂದರು. ಯಜಮಾನ ಸ್ವಲ್ಪ ಹೊತ್ತು ಯೋಚಿಸಿದ. ಆಯಿತು ಅಂತ ತಲೆಯಾಡಿಸಿದ. ನಾವು ಕ್ಯಾಮೆರಾ ತೆಗೆಯುವಷ್ಟರಲ್ಲಿ ಮರದ ಹತ್ತಿರ ಹೋಗಿ, ಒಂದೊಂದಾಗಿ ಮೇಕೆಗಳನ್ನು ಎತ್ತಿ ಕೆಳಗಿಳಿಸಿದ. ಮ್ಯಾನೇಜರ್ ಸಾರ್ ಮರದ ಮೇಲಿನವನ್ನೂ ಕೆಳಗಿನವನ್ನೂ ಬೆರಳು ಮಾಡಿ ಎಣಿಸಿದರು. ಸರಿಯಾಗಿ ಅರ್ಧ ಇತ್ತು. ಮಾತಿಲ್ಲದೆ ಡೈರಿ ತೆಗೆದರು.