ಮೊದಲು ಕೊಂಡರೂ ದಂಡ, ಕಾದು ಕೊಂಡರೂ ದಂಡ

ಹೊಸ ಕನ್ಸೋಲ್, ಅಂದರೆ ವಿಡಿಯೋ ಗೇಮ್ ಆಡುವುದಕ್ಕೆಂದೇ ಮಾಡಿದ ಯಂತ್ರ, ಬಂದ ಕೂಡಲೇ ಓಡಿಹೋಗಿ ಕೊಳ್ಳಬೇಡ, ಎರಡು ಮೂರು ವರ್ಷ ತಡೆದುಕೋ, ಬೆಲೆ ಇಳಿಯುತ್ತದೆ, ಮೊದಲ ಕಂತಿನ ದೋಷಗಳು ಸರಿಹೋಗುತ್ತವೆ, ಅಷ್ಟರಲ್ಲಿ ಆಡುವುದಕ್ಕೆ ಒಳ್ಳೆಯ ಗೇಮ್‌ಗಳೂ ಬಂದಿರುತ್ತವೆ ಎಂಬ ಬುದ್ಧಿಮಾತನ್ನು ನಾವು ಗೇಮ್ ಆಡುವವರೆಲ್ಲ ಒಬ್ಬರಿಗೊಬ್ಬರು ಹೇಳಿಕೊಂಡೇ ಬಂದಿದ್ದೇವೆ. ಆ ಮಾತಿಗೆ ಆಧಾರವೂ ಇತ್ತು. ಅಮೆರಿಕದಲ್ಲಿ 2000ದ ಅಕ್ಟೋಬರ್‌ನಲ್ಲಿ 299 ಡಾಲರ್‌ಗೆ ಬಂದ ಸೋನಿಯ ಪ್ಲೇಸ್ಟೇಷನ್ 2, 2002ರಲ್ಲಿ 199ಕ್ಕೆ, 2004ರಲ್ಲಿ 149ಕ್ಕೆ ಇಳಿಯಿತು. 2009ರಲ್ಲಿ 99 ಡಾಲರ್‌ಗೇ ಸಿಕ್ಕಿತು. ತಾಳ್ಮೆಯಿದ್ದವನಿಗೆ ಲಾಭವಿತ್ತು.

ಈಗ ಆ ಲೆಕ್ಕವೇ ತಲೆಕೆಳಗಾಗಿದೆ. 2020ರ ನವೆಂಬರ್‌ನಲ್ಲಿ 499 ಡಾಲರ್ ಇದ್ದ ಪ್ಲೇಸ್ಟೇಷನ್ 5, 2025ರ ಆಗಸ್ಟ್‌ನಲ್ಲಿ 549 ಆಯಿತು (ಬಾಲಕ್ಕೆ ಅಂಟಿಸುವ ತೊಂಬತ್ತೊಂಬತ್ತು ಸೆಂಟುಗಳನ್ನು ನಾನು ಬಿಟ್ಟೇ ಹೇಳುತ್ತಿದ್ದೇನೆ). 2020ರ ಅದೇ ನವೆಂಬರ್‌ನಲ್ಲಿ ಅದೇ 499ಕ್ಕೆ ಬಂದ ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್, 2025ರ ಒಂದೇ ವರ್ಷದಲ್ಲಿ ಎರಡು ಸಲ ಏರಿ 649ಕ್ಕೆ ಮುಟ್ಟಿತು. ಇವೆರಡನ್ನೂ ಹೇಗೋ ನುಂಗಿಕೊಳ್ಳೋಣ ಎಂದರೆ, 2017ರಲ್ಲಿ 299ಕ್ಕೆ ಬಂದ ನಿಂಟೆಂಡೊ ಸ್ವಿಚ್, ಎಂಟು ವರ್ಷ ಹಳತಾಗಿ, ಅದರ ಜಾಗಕ್ಕೆ ಸ್ವಿಚ್ 2 ಬಂದು ಕೂತ ಮೇಲೆ, 339 ಡಾಲರ್ ಆಯಿತು. ಹಳೆಯ ಯಂತ್ರಕ್ಕೆ ಹೊಸದಾಗಿದ್ದಾಗಿನಕ್ಕಿಂತ ಹೆಚ್ಚು ಬೆಲೆ! ಇದನ್ನು ಯಾವ ಮುಖ ಇಟ್ಟುಕೊಂಡು ಪ್ರಕಟಿಸುತ್ತಾರೋ ನನಗೆ ತಿಳಿಯದು.

ಸಮರ್ಥನೆಗಳು ನನಗೂ ಗೊತ್ತು. ಮೊದಲೆಲ್ಲ ವರ್ಷ ಕಳೆದ ಹಾಗೆ ಅದೇ ಚಿಪ್ಪನ್ನು ಇನ್ನಷ್ಟು ಚಿಕ್ಕದಾಗಿ, ಇನ್ನಷ್ಟು ಅಗ್ಗವಾಗಿ ತಯಾರಿಸಬಹುದಿತ್ತು. ಈಗ ಹೊಸ ತಯಾರಿಕಾ ವಿಧಾನಗಳೇ ದುಬಾರಿಯಾಗಿರುವುದರಿಂದ ಆ ಉಳಿತಾಯ ಬತ್ತಿಹೋಗಿದೆ, ಅದರ ಮೇಲೆ ಅಮೆರಿಕದ ಆಮದು ಸುಂಕವೂ ಬಂದು ಬಿದ್ದಿದೆ. ಒಪ್ಪಿದೆ. ಆದರೆ ಕನ್ಸೋಲ್ ವ್ಯಾಪಾರ ನಿಂತಿದ್ದದ್ದೇ ಯಂತ್ರವನ್ನು ಅಸಲಿಗೋ ನಷ್ಟಕ್ಕೋ ಕೊಟ್ಟು, ಆಮೇಲೆ ಗೇಮ್‌ಗಳ ಮಾರಾಟದಲ್ಲಿ ಪಾಲು ಹಿಡಿದು ಲಾಭ ಮಾಡುವ ಲೆಕ್ಕದ ಮೇಲೆ. ಯಂತ್ರದ ಬೆಲೆ ಏರಿಸಿದವರು ಆ ಕಡೆಯ ಹಿಡಿತವನ್ನೇನಾದರೂ ಸಡಿಲಿಸಿದರೇ? ದೊಡ್ಡ ಗೇಮ್‌ಗಳ ಬೆಲೆ 60 ಡಾಲರ್‌ನಿಂದ 70ಕ್ಕೆ ಹೋಯಿತು, ಸ್ವಿಚ್ 2ರ ಜೊತೆಗೆ ಬಂದ ಮಾರಿಯೋ ಕಾರ್ಟ್ ವರ್ಲ್ಡ್ 80ಕ್ಕೆ ಮುಟ್ಟಿಸಿತು. ಕಾಸು ಕೊಟ್ಟು ಕೊಂಡ ಗೇಮನ್ನು ಗೆಳೆಯರ ಜೊತೆ ಆನ್‌ಲೈನ್‌ನಲ್ಲಿ ಆಡಬೇಕಾದರೆ ಬಹಳಷ್ಟು ಸಲ ಚಂದಾ ಬೇರೆ ಕಟ್ಟಬೇಕು. ಚಂದಾ ಕಟ್ಟಿ ಹಲವು ಗೇಮ್‌ಗಳನ್ನು ಆಡುವ ಮೈಕ್ರೋಸಾಫ್ಟ್‌ನ ಸೇವೆ ಗೇಮ್ ಪಾಸ್ ಅಲ್ಟಿಮೇಟ್‌ನ ತಿಂಗಳ ಚಂದಾ 2025ರ ಅಕ್ಟೋಬರ್‌ನಲ್ಲಿ ಒಂದೇ ಏಟಿಗೆ 20ರಿಂದ 30 ಡಾಲರ್ ಆಯಿತು. ಎಲ್ಲ ಕಡೆಯಿಂದಲೂ ಹಿಂಡಿದರೆ ಹಳೆಯ ಒಪ್ಪಂದ ಎಲ್ಲಿ ಉಳಿಯಿತು?

ಹಾಗಾದರೆ ಬೆಲೆ ಏರುವ ಮೊದಲೇ ಕೊಂಡುಬಿಡೋಣ ಎಂದು ಬಿಡುಗಡೆಯ ದಿನವೇ ತಂದವನ ಪಾಡೇನು? ಪೆಟ್ಟಿಗೆ ಬಿಚ್ಚಿ, ಅಂಟಿಸಿದ ಪ್ಲಾಸ್ಟಿಕ್ ಹಾಳೆಗಳನ್ನೆಲ್ಲ ಸುಲಿದು, ಕೇಬಲ್ ಸಿಕ್ಕಿಸಿ ಬಟನ್ ಒತ್ತಿದರೆ ಮೊದಲು ಕಾಣುವುದು ಸಿಸ್ಟಮ್ ಅಪ್‌ಡೇಟ್ ಎಂಬ ಪಟ್ಟಿ. ಅದು ಮುಗಿದ ಮೇಲೆ ಕಂಟ್ರೋಲರ್‌ಗೆ ಅಪ್‌ಡೇಟ್. ಅದಾದ ಮೇಲೆ ಡಿಸ್ಕ್ ಹಾಕಿದರೆ ಇನ್‌ಸ್ಟಾಲ್, ಅದರ ಬೆನ್ನಿಗೇ ಗೇಮಿನ ದೋಷ ತಿದ್ದುವ ಮೊದಲ ದಿನದ ಪ್ಯಾಚ್. ಸ್ಟೋರೇಜ್ ನೋಡೋಣ ಎಂದರೆ 825 ಜಿಬಿ ಎಂದು ಪ್ರಚಾರ ಮಾಡಿದ ಪ್ಲೇಸ್ಟೇಷನ್ 5ರಲ್ಲಿ ಕೊಂಡವನ ಪಾಲಿಗೆ ಉಳಿದದ್ದು ಸುಮಾರು 667. 512 ಎಂದ ಎಕ್ಸ್‌ಬಾಕ್ಸ್ ಸೀರೀಸ್ ಎಸ್‌ನಲ್ಲಿ ಸುಮಾರು 364. ನೂರು ಜಿಬಿ ದಾಟುವ ಗೇಮ್‌ಗಳ ಕಾಲದಲ್ಲಿ ಒಂದನ್ನು ಹಾಕಬೇಕಾದರೆ ಇನ್ನೊಂದನ್ನು ಅಳಿಸುತ್ತಾ ಕೂರಬೇಕು.

ಸ್ವಿಚ್ 2ರ ಗೇಮ್-ಕೀ ಕಾರ್ಡ್ ಎಂಬ ಹೊಸ ವರಸೆಯಂತೂ ನನ್ನನ್ನು ಕೆರಳಿಸಿದಷ್ಟು ಬೇರೆ ಯಾವುದೂ ಕೆರಳಿಸಿಲ್ಲ. ಪೆಟ್ಟಿಗೆ ಇದೆ, ಅದರೊಳಗೆ ಅಚ್ಚುಕಟ್ಟಾದ ಕಾರ್ಡೂ ಇದೆ, ಸ್ಲಾಟಿಗೆ ಒತ್ತಿದರೆ ಟಿಕ್ ಎಂದು ಕೂರುತ್ತದೆ. ಆದರೆ ಅದರಲ್ಲಿ ಗೇಮ್ ಇಲ್ಲ. ಗೇಮನ್ನು ಪೂರ್ತಿಯಾಗಿ ಡೌನ್‌ಲೋಡ್ ಮಾಡಿಕೊಳ್ಳಬೇಕು, ಯಂತ್ರದ 256 ಜಿಬಿ ಜಾಗವನ್ನೂ ಅದಕ್ಕೇ ಕೊಡಬೇಕು. ಜಾಗ ಸಾಲದಿದ್ದರೆ ಹಳೆಯ ಮೆಮೊರಿ ಕಾರ್ಡ್ ಗೇಮ್ ಇಡುವುದಕ್ಕೆ ನಡೆಯದು, ಮೈಕ್ರೋ ಎಸ್‌ಡಿ ಎಕ್ಸ್‌ಪ್ರೆಸ್ ಎಂಬ ದುಬಾರಿ ಬಗೆಯದೇ ಆಗಬೇಕು. ಇಷ್ಟೆಲ್ಲ ಆದ ಮೇಲೂ ಆಡುವಾಗಲೆಲ್ಲ ಆ ಖಾಲಿ ಕಾರ್ಡ್ ಸ್ಲಾಟಿನಲ್ಲಿ ಇರಲೇಬೇಕು. ಡೌನ್‌ಲೋಡಿನ ಕಿರಿಕಿರಿ, ಕಾರ್ಡಿನ ಕಿರಿಕಿರಿ ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ತುಂಬಿಕೊಟ್ಟಿದ್ದಾರೆ. ಇನ್ನೊಬ್ಬರಿಗೆ ಮಾರಬಹುದು ಎನ್ನುವುದೊಂದೇ ಸಮಾಧಾನ. ನಿಂಟೆಂಡೊದ ಹಳೆಯ ಯಂತ್ರಗಳಾದ ವೀ ಯು ಮತ್ತು 3ಡಿಎಸ್‌ಗಳ ಆನ್‌ಲೈನ್ ಅಂಗಡಿಯಲ್ಲಿ ಖರೀದಿ 2023ರ ಮಾರ್ಚ್‌ನಲ್ಲೇ ನಿಂತುಹೋಗಿದೆ. ಮುಂದೊಂದು ದಿನ ಡೌನ್‌ಲೋಡ್ ಸರ್ವರನ್ನೇ ಮುಚ್ಚಿದರೆ ಈ ಕಾರ್ಡನ್ನು ಯಾವ ಗೂಟಕ್ಕೆ ನೇತುಹಾಕಬೇಕು?

ಯಂತ್ರವನ್ನು ಹೊತ್ತು ನಿಲ್ಲುವ ಗೇಮ್ ಬಿಡುಗಡೆಯ ದಿನ ಇರುತ್ತದೆಯೇ ಎಂದರೆ ಅದೂ ಇಲ್ಲ. ಸೀರೀಸ್ ಎಕ್ಸ್ ಜೊತೆಗೆ ಬರಬೇಕಿದ್ದ ಹೇಲೊ ಇನ್ಫಿನಿಟ್ ಬಂದದ್ದು ಒಂದು ವರ್ಷ ತಡವಾಗಿ, 2021ರ ಡಿಸೆಂಬರ್‌ನಲ್ಲಿ. ಪ್ಲೇಸ್ಟೇಷನ್ 5ಕ್ಕೆಂದು ಮೆರೆಸಿದ ಹಲವು ಗೇಮ್‌ಗಳು ಪ್ಲೇಸ್ಟೇಷನ್ 4ರಲ್ಲೂ ಬಂದವು. 2022ರ ಗಾಡ್ ಆಫ್ ವಾರ್ ರಾಗ್ನರೋಕ್ ಕೂಡ ಹಾಗೆಯೇ. ಹಳೆಯ ಯಂತ್ರ ಇಟ್ಟುಕೊಂಡವರಿಗೆ ಅದು ಒಳ್ಳೆಯದೇ ಆಯಿತು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಹೊಸದನ್ನು ಕೊಳ್ಳಲೇಬೇಕು ಎಂದು ಮೂಗಿಗೆ ತುಪ್ಪ ಸವರಿದ್ದೇಕೆ?

ಕಾಳಸಂತೆಯ ವಿಷಯ ಹೊಸದೇನಲ್ಲ. 2020ರಲ್ಲಿ ಬಾಟ್‌ಗಳು, ಅಂದರೆ ತಾವಾಗಿಯೇ ಖರೀದಿ ಮಾಡುವ ಪ್ರೋಗ್ರಾಂಗಳು, ನಿಮಿಷಗಳಲ್ಲಿ ದಾಸ್ತಾನು ಗುಡಿಸಿಕೊಂಡು ಹೋದಾಗ, ನಿಜವಾಗಿ ಆಡುವವರು ಮರುಮಾರಾಟಗಾರರ ಮುಂದೆ ಕೈಚಾಚಬೇಕಾಯಿತು, ಕಂಪನಿಗಳು ಅದನ್ನು ಬೇಡಿಕೆಯ ಹೆಗ್ಗಳಿಕೆ ಎಂಬಂತೆ ತೋರಿಸಿಕೊಂಡವು. ತಡೆಯಲು ದಾರಿಯೇ ಇರಲಿಲ್ಲ ಎನ್ನುವ ಹಾಗಿಲ್ಲ. ಸ್ವಿಚ್ 2 ಬಂದಾಗ ನಿಂಟೆಂಡೊ ತನ್ನದೇ ಅಂಗಡಿಯಲ್ಲಿ, ಹಳೆಯ ಸ್ವಿಚ್‌ನಲ್ಲಿ ಕನಿಷ್ಠ 50 ಗಂಟೆ ಆಡಿದ ಖಾತೆಗಳಿಗೆ ಆದ್ಯತೆ ಕೊಟ್ಟು ತೋರಿಸಿತು. ಮನಸ್ಸಿದ್ದರೆ ಆಗುತ್ತದೆ ಎಂದಾಯಿತಲ್ಲ.

ಇನ್ನು ಕಂಟ್ರೋಲರ್. ನನ್ನ ಕಂಟ್ರೋಲರ್‌ನ ಎಡಗಡೆಯ ಸ್ಟಿಕ್, ಅಂದರೆ ಪಾತ್ರವನ್ನು ನಡೆಸಲು ಹೆಬ್ಬೆರಳಿನಿಂದ ವಾಲಿಸುವ ಪುಟ್ಟ ಕಡ್ಡಿ, ವಾರಂಟಿ ಮುಗಿದು ಹೆಚ್ಚು ದಿನವಾಗುವ ಮೊದಲೇ ತನ್ನಷ್ಟಕ್ಕೆ ಜಾರಲು ಶುರುಮಾಡಿತು; ನಾನು ಕೈ ಬಿಟ್ಟು ಕೂತರೂ ಪಾತ್ರ ಮೆಲ್ಲಗೆ ಗೋಡೆಯ ಕಡೆಗೆ ನಡೆದುಕೊಂಡು ಹೋಗಿ, ಅದಕ್ಕೆ ಮುಖ ಒತ್ತಿ, ನಡೆಯುತ್ತಲೇ ಇರುತ್ತದೆ. ಸ್ಟಿಕ್ ಎಷ್ಟು ವಾಲಿದೆ ಎಂದು ಅಳೆಯುವ ಒಳಗಿನ ಪುಟ್ಟ ಪೊಟೆನ್ಷಿಯೋಮೀಟರ್‌ನ ಕಾರ್ಬನ್ ಪದರ ಉಜ್ಜಿ ಉಜ್ಜಿ ಸವೆಯುವುದರಿಂದ ಹೀಗಾಗುತ್ತದೆ. ಒಂದಕ್ಕೊಂದು ಉಜ್ಜದ, ಅಯಸ್ಕಾಂತದಿಂದ ಕೆಲಸ ಮಾಡುವ ಹಾಲ್ ಸೆನ್ಸರನ್ನು ಸೆಗಾ ತನ್ನ ಡ್ರೀಮ್‌ಕಾಸ್ಟ್ ಕಂಟ್ರೋಲರ್‌ನಲ್ಲಿ ಕಳೆದ ಶತಮಾನದಲ್ಲೇ ಬಳಸಿತ್ತು. ಕಾಲು ಶತಮಾನ ಕಳೆದರೂ ದೊಡ್ಡ ಕಂಪನಿಗಳು ಸವೆಯುವ ಭಾಗವನ್ನೇ ಹಾಕಿ ಕಳಿಸುತ್ತಿರುವುದಕ್ಕೆ ತಾಂತ್ರಿಕ ಕಾರಣವಿದೆ ಎಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ.

ಹಿಂದೆ ಇವರೆಲ್ಲ ಧರ್ಮಾತ್ಮರಾಗಿದ್ದರು ಎಂದು ನಾನು ಹೇಳುತ್ತಿಲ್ಲ. ಎಕ್ಸ್‌ಬಾಕ್ಸ್ 360 ಕೆಂಪು ದೀಪ ಹತ್ತಿಸಿಕೊಂಡು ಸಾಯುತ್ತಿದ್ದಾಗ ಮೈಕ್ರೋಸಾಫ್ಟ್ 2007ರಲ್ಲಿ ವಾರಂಟಿಯನ್ನು ಮೂರು ವರ್ಷಕ್ಕೆ ಏರಿಸಿ, ಅದಕ್ಕಾಗಿ ನೂರು ಕೋಟಿ ಡಾಲರ್‌ಗೂ ಹೆಚ್ಚು ಹಣ ಎತ್ತಿಟ್ಟಿತು. 2011ರಲ್ಲಿ 3ಡಿಎಸ್ ಬೆಲೆಯನ್ನು ಕೆಲವೇ ತಿಂಗಳಲ್ಲಿ 249ರಿಂದ 169 ಡಾಲರ್‌ಗೆ ಇಳಿಸಿದ ನಿಂಟೆಂಡೊ, ಮೊದಲೇ ಕೊಂಡವರಿಗೆ ಇಪ್ಪತ್ತು ಹಳೆಯ ಗೇಮ್‌ಗಳನ್ನು ಉಚಿತವಾಗಿ ಕೊಟ್ಟಿತು. 2013ರಲ್ಲಿ ಎಕ್ಸ್‌ಬಾಕ್ಸ್ ಒನ್ ದಿನಕ್ಕೊಮ್ಮೆ ಇಂಟರ್‌ನೆಟ್‌ಗೆ ಹಾಜರಿ ಹಾಕಲೇಬೇಕು ಎಂದಾಗ ಆಡುವವರು ತಿರುಗಿಬಿದ್ದರು, ಸೋನಿ ನೂರು ಡಾಲರ್ ಕಡಿಮೆಗೆ, ಅಂಥ ಯಾವ ಷರತ್ತೂ ಇಲ್ಲದೆ ಪ್ಲೇಸ್ಟೇಷನ್ 4 ತೋರಿಸಿತು, ಕೆಲವೇ ದಿನಗಳಲ್ಲಿ ಮೈಕ್ರೋಸಾಫ್ಟ್ ಆ ನಿಯಮವನ್ನು ಹಿಂದಕ್ಕೆ ಪಡೆಯಿತು. ಇವರು ಬಗ್ಗಿದ್ದು ಎದುರಾಳಿ ಬಲವಾಗಿದ್ದಾಗ, ಅಥವಾ ಯಂತ್ರ ಮಾರಾಟವಾಗದೆ ಉಳಿದಾಗ, ಇಲ್ಲವೇ ಕೆಟ್ಟು ರಾಶಿ ರಾಶಿ ವಾಪಸು ಬಂದಾಗ. ಈಗ ಮೈಕ್ರೋಸಾಫ್ಟ್ ತನ್ನ ಗೇಮ್‌ಗಳನ್ನೇ ಪ್ಲೇಸ್ಟೇಷನ್‌ಗೆ ಕೊಂಡೊಯ್ದು ಮಾರುತ್ತಿದೆ. ಎದುರಾಳಿಯೇ ಅಂಗಡಿಗೆ ಸರಕು ಒದಗಿಸಲು ನಿಂತ ಮೇಲೆ ಸೋನಿಗೆ ಯಾರ ಹೆದರಿಕೆ? 2024ರ ನವೆಂಬರ್‌ನಲ್ಲಿ ಬಂದ ಪ್ಲೇಸ್ಟೇಷನ್ 5 ಪ್ರೊಗೆ ಆಗ ಇಟ್ಟ ಬೆಲೆ 699 ಡಾಲರ್; ಡಿಸ್ಕ್ ಡ್ರೈವ್ ಬೇಕಾದರೆ ಬೇರೆ 79, ನೆಟ್ಟಗೆ ನಿಲ್ಲಿಸುವ ಸ್ಟ್ಯಾಂಡಿಗೆ ಬೇರೆ 29 ಕೊಡಬೇಕಿತ್ತು. ಏಳುನೂರು ಡಾಲರ್ ಕೊಟ್ಟವನಿಗೆ ಸ್ಟ್ಯಾಂಡನ್ನೂ ಕೊಡದ ಜಿಪುಣತನಕ್ಕೆ ನನ್ನ ಹತ್ತಿರ ಸಭ್ಯ ಪದಗಳಿಲ್ಲ.

ಮುಂದಿನ ಯಂತ್ರವನ್ನು ಹೊಗೆ, ಬೆಳಕು, ಸಂಗೀತದ ನಡುವೆ ಅನಾವರಣ ಮಾಡುವವರು ಮೊದಲು ಈ ನಾಲ್ಕು ಸಂಗತಿ ಹೇಳಲಿ: ಗೇಮ್ ಕಾರ್ಡಿನಲ್ಲಿ ಅಥವಾ ಡಿಸ್ಕಿನಲ್ಲಿ ಗೇಮ್ ಇರುತ್ತದೆಯೇ, ಸ್ಟೋರೇಜಿನಲ್ಲಿ ನಮಗೆ ಉಳಿಯುವುದೆಷ್ಟು, ಆ ಯಂತ್ರದಲ್ಲಿ ಮಾತ್ರ ಸಿಗುವ ಗೇಮ್ ಯಾವ ತಿಂಗಳು ಬರುತ್ತದೆ, ಸ್ಟಿಕ್ ಜಾರಿದರೆ ಎಷ್ಟು ವರ್ಷ ಪುಕ್ಕಟೆ ಸರಿಮಾಡಿಕೊಡುತ್ತಾರೆ. ಅದನ್ನು ಹೇಳುವವರೆಗೆ ಅವರ ಪ್ರೀ-ಆರ್ಡರ್ ಬಟನ್ ಅವರ ಬಳಿಯೇ ಇರಲಿ.