ಮ್ಯೂನಿಕ್‌ನಲ್ಲಿ ಭಾನುವಾರದ ಖರೀದಿ: ಒಂದು ತಿದ್ದುಪಡಿ
ಮ್ಯೂನಿಕ್‌ ಪ್ರವಾಸದ ಕೊನೆಯ ಭಾನುವಾರವನ್ನು ಖರೀದಿಗೆ ಮೀಸಲಿಡಿ ಎಂದು ಪ್ರವಾಸ ಲೇಖನವೊಂದರಲ್ಲಿ ಲೇಖಕರು ಕೊಟ್ಟ ಸಲಹೆಯನ್ನು ನಂಬಿ ಹೊರಟವರು ಬರಿಗೈಯಲ್ಲಿ ಮರಳಬೇಕಾದೀತು. ಜರ್ಮನಿಯಲ್ಲಿ ಭಾನುವಾರದ ವಿಶ್ರಾಂತಿಗೆ ಸಂವಿಧಾನದ ರಕ್ಷಣೆಯೇ ಇರುವುದರಿಂದ, ರೈಲು ನಿಲ್ದಾಣದ ಅಂಗಡಿಗಳು ಮತ್ತು ಕೆಲವು ಬೇಕರಿಗಳಂಥವನ್ನು ಬಿಟ್ಟರೆ, ಮರಿಯೆನ್‌ಪ್ಲಾಟ್ಸ್‌ ಎಂಬ ಕೇಂದ್ರ ಚೌಕದ ಸುತ್ತಲಿನ ದೊಡ್ಡ ಮಳಿಗೆಗಳೂ 1807ರಿಂದ ನಡೆದುಬಂದಿರುವ ಬಯಲು ಮಾರುಕಟ್ಟೆ ವಿಕ್ಟುವಾಲಿಯೆನ್‌ಮಾರ್ಕ್ಟ್‌ನ ಹಣ್ಣು, ಚೀಸ್‌, ಜೇನಿನ ಕಟ್ಟೆಗಳೂ ಅಂದು ಮುಚ್ಚಿರುತ್ತವೆ. ನಾನೂ ಒಮ್ಮೆ ಮಡಿಚಿದ ಚೀಲ ಹಿಡಿದು ಗಾಜಿನಾಚೆಯ ಬೊಂಬೆಗಳನ್ನು ನೋಡುತ್ತ ನಿಂತವನೇ. ಆ ದಿನವನ್ನು ಚಿತ್ರಶಾಲೆಗೆ ಕೊಡುವುದು ಜಾಣತನ: ಆಲ್ಟೆ ಪಿನಾಕೊಥೆಕ್‌ನ ಭಾನುವಾರದ ಪ್ರವೇಶಕ್ಕೆ ಕೇವಲ 1 ಯೂರೋ.

ನಮ್ಮಂಥ ಪ್ರವಾಸಿಗರು ಖರೀದಿಯ ಮೇಲೆ ತೆತ್ತ ತೆರಿಗೆಯನ್ನು ಮರಳಿ ಪಡೆಯುವ ವಿಷಯವನ್ನೂ ಲೇಖನ ಬಿಟ್ಟಿದೆ. ಒಂದೇ ಅಂಗಡಿಯ ಬಿಲ್‌ 50 ಯೂರೋ ದಾಟಿದರೆ ಅಲ್ಲಿಯೇ ತೆರಿಗೆ ವಾಪಸಾತಿಯ ಅರ್ಜಿ ನಮೂನೆ ಕೇಳಿ ಪಡೆದು, ವಿಮಾನ ನಿಲ್ದಾಣದಲ್ಲಿ ಬಳಸದ ಸರಕನ್ನು ಕಸ್ಟಮ್ಸ್‌ನವರಿಗೆ ತೋರಿಸಿ ಮುದ್ರೆ ಹಾಕಿಸಿಕೊಳ್ಳಬೇಕು. ಸರಕಿದ್ದ ಪೆಟ್ಟಿಗೆ ಅದಕ್ಕೂ ಮೊದಲೇ ವಿಮಾನಕ್ಕೆ ಹೋಗಿಬಿಡದಂತೆ ನೋಡಿಕೊಳ್ಳಿ.