ಕಿಟಕಿ ಪಕ್ಕದ ಕವಿತೆ

ದಿನಾ ಓಡಾಡುವ ದಾರಿಯಲ್ಲೇ ಫೋಟೊ ತೆಗೆದು, ಅದರ ಕೆಳಗೆ ಮೂರು ಸಾಲು ಬರೆಯುವವರು ಈಗ ಬೇಕಾದಷ್ಟು ಜನ ಇದ್ದಾರೆ. ನಾನೂ ಅದೇ ಗುಂಪಿಗೆ ಸೇರಿದವನು, ಹಾಗಾಗಿ ಸಲಿಗೆಯಿಂದ ಒಂದು ತಕರಾರು. ಫೋಟೊದಲ್ಲಿ ಕೆಂಪು ಸೂರ್ಯ ಮುಳುಗುತ್ತಿರುತ್ತಾನೆ, ಕೆಳಗಿನ ಸಾಲಲ್ಲೂ ಕೆಂಪು ಸೂರ್ಯ ಮುಳುಗುತ್ತಾನೆ. ಅದು ಕಾಣ್ತಾನೇ ಇದೆಯಲ್ಲ ಮಾರಾಯ್ರೇ, ಮತ್ತೆ ಯಾಕೆ ಹೇಳಬೇಕು?

ಚಿತ್ರಕ್ಕೆ ಸಿಗದೇ ಹೋದದ್ದು ಕವಿತೆಗೆ ಸಿಗಬೇಕು. ನನ್ನ ಹಟ ಇಷ್ಟೇ.

ಓಡಾಟದಲ್ಲಿ ಸಿಗದೇ ಹೋಗುವುದೇ ಜಾಸ್ತಿ. ಗಂಟೆಗೆ 60 ಕಿಲೋಮೀಟರ್ ವೇಗದ ಬಸ್ಸಿನಲ್ಲಿ ಕೂತು ಸೆಕೆಂಡಿನ 1/50 ಭಾಗ ಮಾತ್ರ ಕ್ಯಾಮೆರಾದ ಶಟರ್ ತೆರೆದರೂ, ಅಷ್ಟರಲ್ಲಿ ಬಸ್ಸು ಸುಮಾರು ಒಂದಡಿ ಮುಂದೆ ಹೋಗಿರುತ್ತದೆ. ಪಕ್ಕದ ಬೇಲಿ, ಕಂಬ, ಹೂವು ಎಲ್ಲ ಬರೀ ಗೆರೆಗಳು. ದೂರದ ಗುಡ್ಡ ಮಾತ್ರ ಏನೂ ಆಗದವರ ಹಾಗೆ ಚಂದ ಬಂದಿರುತ್ತದೆ. ಇನ್ನು ಹಕ್ಕಿಗಳ ಕತೆ ಕೇಳಲೇಬೇಡಿ. ಜೇಬಿನಿಂದ ಫೋನು ತೆಗೆದು ಲಾಕ್ ಬಿಡಿಸುವಷ್ಟರಲ್ಲಿ ಮಿಂಚುಳ್ಳಿ ಹಾರಿಹೋಗಿರುತ್ತದೆ, ಫೋಟೊದಲ್ಲಿ ಉಳಿಯುವುದು ಒಂದು ತಂತಿ, ಒಂದಿಷ್ಟು ಆಕಾಶ. ಬೇರೆ ಯಾರಾದರೂ ಆಗಿದ್ದರೆ ಅಳಿಸಿಬಿಡುತ್ತಿದ್ದರು. ನಾನು ಅದನ್ನೇ ಇಟ್ಟುಕೊಂಡು ಕೆಳಗೆ ಬರೆದೆ:

ತೂಗುತ್ತಿದೆ ತಂತಿ
ಈಗಷ್ಟೇ ಎದ್ದುಹೋದ
ನೀಲಿ ಹಕ್ಕಿಗೆ

ಮಹಾ ಕವಿತೆಯೇನೂ ಅಲ್ಲ. ಆದರೆ ತಂತಿ ತೂಗುವುದು ಫೋಟೊಕ್ಕೆ ಗೊತ್ತಿಲ್ಲ, ಹಕ್ಕಿ ಇತ್ತು ಅಂತಲೂ ಗೊತ್ತಿಲ್ಲ. ಖಾಲಿ ಆಕಾಶ ಎಷ್ಟು ಅಗಲ ಇತ್ತು ಅಂತ ಕವಿತೆಗೆ ಗೊತ್ತಿಲ್ಲ. ಇಬ್ಬರಿಗೂ ಕೆಲಸ ಇದೆ, ಅಲ್ವಾ?

1689ರಲ್ಲಿ ಜಪಾನಿನ ಕವಿ ಬಾಶೋ ಎಡೋ ಬಿಟ್ಟು, ಅಂದರೆ ಈಗಿನ ಟೋಕಿಯೊ ಬಿಟ್ಟು, ಉತ್ತರದ ಕಡೆ ಕಾಲ್ನಡಿಗೆಯಲ್ಲಿ ಹೊರಟ. ಜೊತೆಗೆ ಶಿಷ್ಯ ಸೋರಾ. ಇಬ್ಬರೂ ಬರೆಯುತ್ತಿದ್ದರು. ಸೋರಾನ ದಿನಚರಿ ಅಚ್ಚಾಗಿದ್ದು 1943ರಲ್ಲಿ. ಅದನ್ನೂ ಬಾಶೋ ಬರೆದ ಪ್ರವಾಸಕಥನವನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಎಷ್ಟೋ ವಿವರ ತಾಳೆಯಾಗುವುದಿಲ್ಲ! ಸೋರಾ ಆಯಾ ದಿನದ ಹವೆ, ಉಳಿದುಕೊಂಡ ಜಾಗ ಎಲ್ಲ ಇದ್ದದ್ದು ಇದ್ದ ಹಾಗೆ ಗುರುತು ಹಾಕಿದ. ಬಾಶೋ ಮಾತ್ರ ಊರಿಗೆ ಮರಳಿದ ಮೇಲೂ ವರ್ಷಗಟ್ಟಲೆ ತಿದ್ದಿದ, ಕೆಲವನ್ನು ಬಿಟ್ಟ, ಕೆಲವನ್ನು ಬದಲಿಸಿದ. ಆ ಪ್ರಯಾಣದ ಕ್ಯಾಮೆರಾ ಸೋರಾ ಅನ್ನಬಹುದು. ನನಗಂತೂ ಆತನ ಮೇಲೆ ಪ್ರೀತಿ ಜಾಸ್ತಿ, ಪಾಪ, ಹೆಸರು ಬಂದದ್ದೆಲ್ಲ ಗುರುವಿಗೆ.

ನಮ್ಮ ಮೂರು ಸಾಲುಗಳಿಗೆ ಇನ್ನೊಂದು ಕಾಯಿಲೆ ಇದೆ. ಹನಿಗವನದ ರುಚಿ ಹತ್ತಿದ ಬಾಯಿ ನಮ್ಮದು, ಕೊನೆಯ ಸಾಲಲ್ಲಿ ಒಂದು ಪಂಚ್ ಬೇಕೇ ಬೇಕು. ನಗಿಸುವ ಪದ್ಯಕ್ಕೆ ಅದು ಸರಿ. ಆದರೆ ಎಲೆ ಉದುರಿದ ಫೋಟೊದ ಕೆಳಗೆ 'ಬದುಕೂ ಹೀಗೇ' ಅಂತ ಸೇರಿಸಿದರೆ ಎಲೆ ಅಲ್ಲಿಗೆ ಸತ್ತೇ ಹೋಯಿತು. ಎಲೆ ಸುಮ್ನೆ ಉದುರಲಿ ಬಿಡಿ.

ಮಳೆಗಾಲದಲ್ಲಿ ಇಷ್ಟೆಲ್ಲ ತಲೆಕೆಡಿಸಿಕೊಳ್ಳುವ ಅಗತ್ಯವೇ ಇಲ್ಲ, ಗಾಜಿನ ಮೇಲಿನ ಹನಿ ಸಾಕು. ಫೋನು ಹಟ ಹಿಡಿದು ಆಚೆಯ ಮರಕ್ಕೇ ಫೋಕಸ್ ಮಾಡುತ್ತದೆ, ಪರದೆಯ ಮೇಲೆ ಹನಿಯನ್ನು ಮುಟ್ಟಿ ತೋರಿಸಬೇಕು. ಆಗ ನೋಡಿ, ಒಂದೊಂದು ಹನಿಯಲ್ಲೂ ಲೋಕ ತಲೆಕೆಳಗು: ಮರಗಳು ಮೇಲಿಂದ ಜೋತುಬಿದ್ದಿವೆ, ಆಕಾಶ ತಳದಲ್ಲಿದೆ. ಸಣ್ಣ ಹನಿ ಗಾಜಿಗೆ ಅಂಟಿಕೊಂಡು ಕೂತಿರುತ್ತದೆ. ಪಕ್ಕದ್ದು ಬಂದು ಸೇರಿತೋ, ಭಾರ ತಡೆಯಲಾರದೆ ಎರಡೂ ಒಟ್ಟಿಗೆ ಜಾರುತ್ತವೆ, ಬಸ್ಸು ಜೋರಾಗಿದ್ದರೆ ಕೆಳಕ್ಕೆ ಬದಲು ಓರೆಯಾಗಿ ಹಿಂದಕ್ಕೆ ಓಡುತ್ತವೆ. ತಲೆಕೆಳಗಾದ ಮರ ಫೋಟೊದ ಪಾಲು. ಓಟ ಕವಿತೆಯ ಪಾಲು:

ಒಂದು ಹನಿಗೆ
ಇನ್ನೊಂದು ಸಿಕ್ಕಿದ್ದೇ ತಡ
ಎರಡೂ ಪರಾರಿ

ಎಲ್ಲ ಫೋಟೊಕ್ಕೂ ಹೀಗೆ ಸಾಲು ಸಿಗುವುದಿಲ್ಲ. ಕೆಲವಕ್ಕೆ ತಿಂಗಳುಗಳ ಮೇಲೆ, ಯಾವುದೋ ಬೇರೆ ದಾರಿಯಲ್ಲಿ ಹೋಗುವಾಗ ಹೊಳೆಯುತ್ತದೆ, ಕೆಲವಕ್ಕೆ ಇಲ್ಲವೇ ಇಲ್ಲ. ಯಾವುದಕ್ಕೆ ಯಾವಾಗ ಹೊಳೆಯುತ್ತದೋ ಅಂತ ನಾನು ಒಂದನ್ನೂ ಅಳಿಸುವುದಿಲ್ಲ. ಜಾಗ ಖಾಲಿ ಮಾಡಿ ಅಂತ ಫೋನು ದಿನಾ ಗೊಣಗುತ್ತದೆ, ಗೊಣಗಲಿ.